ಮರಣಶಾಸನದ ವಕೀಲರೂ ಪ್ರಕಟಣೆಯ ಧರ್ಮವೂ

೧

ವ್ಯಾಜ್ಯಕ್ಕೆ ಸಿಕ್ಕಿಕೊಂಡವನು ವಕೀಲನನ್ನು ತಾನಾಗಿಯೇ ಹುಡುಕಿಕೊಂಡು ಹೋಗುತ್ತಾನೆ. ನ್ಯಾಯಾಲಯದ ಸಮನ್ಸು ಕೈಸೇರಿದ ದಿನವೇ ತನಗೆ ವಕೀಲನ ಅವಶ್ಯಕತೆಯುಂಟೆಂಬುದು ಅವನಿಗೆ ತಿಳಿದುಬಿಡುತ್ತದೆ. ಮರಣಶಾಸನವನ್ನು, ಎಂದರೆ ರೂಢಿಯಲ್ಲಿ ಉಯಿಲೆಂದು ಕರೆಯಲ್ಪಡುವ ಪತ್ರವನ್ನು, ಬರೆಯಿಸಬೇಕಾದವನ ಸ್ಥಿತಿಯಾದರೋ ಹಾಗಿಲ್ಲ. ಅವನ ಮೇಲೆ ಯಾರೂ ದಾವೆ ಹೂಡಿರುವುದಿಲ್ಲ. ಅವನಿಗೆ ಯಾವ ವಾಯಿದೆಯೂ ಗೊತ್ತಾಗಿರುವುದಿಲ್ಲ. ತನ್ನ ಮರಣವನ್ನು ಕುರಿತು ಯೋಚಿಸಲು ಮನುಷ್ಯನ ಮನಸ್ಸು ಸಹಜವಾಗಿಯೇ ಹಿಂದೆಗೆಯುತ್ತದೆ. ಉಯಿಲಿಲ್ಲದೆ ತೀರಿಕೊಂಡವನಿಗೆ ಅದರ ಫಲವನ್ನು ಅನುಭವಿಸುವ ಪ್ರಸಂಗವೂ ಇಲ್ಲ. ಅನುಭವಿಸತಕ್ಕವರು ಅವನ ಹೆಂಡತಿಮಕ್ಕಳು. ಆದಕಾರಣ ವಕೀಲವೃತ್ತಿಯ ಬೇರೆ ಶಾಖೆಗಳಲ್ಲಿ ಕಕ್ಷಿಗಾರನು ವಕೀಲನ ಬಳಿಗೆ ಬರುವನಾದರೆ, ಈ ಒಂದು ಶಾಖೆಯಲ್ಲಿ ವಕೀಲನ ಮಾತೇ ಮೊದಲು ಕಕ್ಷಿಗಾರನ ಬಳಿಗೆ ಹೋಗಬೇಕಾಗುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಶಾಖೆಯು ಪ್ರತ್ಯೇಕವಾದ ವಿದ್ಯೆಯಾಗಿಯೇ ಬೆಳೆದಿದೆ. ಉಯಿಲು, ಟ್ರಸ್ಟು, ಮುಖತ್ಯಾರುಪತ್ರ, ಜೀವವಿಮೆ, ಮರಣಾನಂತರದ ಆಸ್ತಿತೆರಿಗೆ, ರೋಗಾವಸ್ಥೆಯಲ್ಲಿ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವ ಪತ್ರ, ಇವೆಲ್ಲವನ್ನೂ ಒಂದುಗೂಡಿಸಿ ಆಸ್ತಿಯ ವಿನಿಯೋಗಕ್ಕೆ ಪೂರ್ವವ್ಯವಸ್ಥೆ ಮಾಡಿಕೊಡುವ ವಕೀಲರು ಅಲ್ಲಿ ಪ್ರತಿಯೊಂದು ಪಟ್ಟಣದಲ್ಲಿಯೂ ಇದ್ದಾರೆ. ಆದಾಗ್ಯೂ ೨೦೨೧ರಲ್ಲಿ ಗ್ಯಾಲಪ್ ಸಂಸ್ಥೆಯವರು ಮಾಡಿದ ವಿಚಾರಣೆಯಲ್ಲಿ ಆ ದೇಶದ ವಯಸ್ಕರ ಪೈಕಿ ಉಯಿಲನ್ನು ಬರೆದಿಟ್ಟವರು ನೂರಕ್ಕೆ ೪೬ ಮಂದಿ ಮಾತ್ರವೆಂದು ಕಂಡುಬಂದಿತು. ಈ ಕೊರತೆಯನ್ನು ತುಂಬುವುದಕ್ಕೆಂದು ಅಲ್ಲಿಯ ವಕೀಲರು ಈಗ ಫೇಸ್‌ಬುಕ್, ಲಿಂಕ್ಡ್‌ಇನ್, ಯೂಟ್ಯೂಬ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಬರೆಯುತ್ತಾರೆ, ಮಾತನಾಡುತ್ತಾರೆ. ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂಬ ವಿಷಯದಲ್ಲಿ ಅವರಿಗೆ ಉಪದೇಶವೂ ಹೇರಳವಾಗಿ ದೊರೆಯುತ್ತದೆ. ಈ ಉಪದೇಶವು ಇಂದು ನಿನ್ನೆ ಹುಟ್ಟಿದುದೆಂದು ಮೇಲುನೋಟಕ್ಕೆ ತೋರುವುದು. ವಾಸ್ತವವಾಗಿ ಅದರ ಹಿಂದೆ, ವಕೀಲನು ತನ್ನನ್ನು ತಾನು ಪ್ರಕಟಿಸಿಕೊಳ್ಳಬಹುದೇ ಎಂಬ ದೀರ್ಘವಾದ ವಿವಾದವಿದೆ. ಆ ವಿವಾದದ ಇತಿಹಾಸವನ್ನು ಉಯಿಲಿನ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ವಕೀಲನು ಜಾಹೀರಾತು ಕೊಡಬಾರದೆಂಬ ಭಾವನೆಯ ಮೂಲವು ವ್ಯಾಜ್ಯದ ಭಯದಲ್ಲಿದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ರಾಜನಾಗಲಿ ರಾಜಪುರುಷನಾಗಲಿ ತಾನಾಗಿ ವ್ಯಾಜ್ಯವನ್ನು ಹುಟ್ಟಿಸಕೂಡದು, ಇನ್ನೊಬ್ಬನು ತಂದ ವ್ಯಾಜ್ಯವನ್ನು ನುಂಗಿಬಿಡಲೂ ಕೂಡದು ಎಂಬ ವಿಧಿಯುಂಟು. ಇಂಗ್ಲೆಂಡಿನಲ್ಲಿ ಕ್ರಿ. ಶ. ೧೨೭೫ರ ವೆಸ್ಟ್‌ಮಿನ್‌ಸ್ಟರ್ ಶಾಸನವು, ದಾವೆಯಲ್ಲಿ ಗೆದ್ದ ಭೂಮಿಯಲ್ಲಿ ಪಾಲು ಪಡೆಯುವ ಕರಾರಿನ ಮೇಲೆ ರಾಜಾಧಿಕಾರಿಗಳು ಪರರ ದಾವೆಗಳನ್ನು ನಡೆಸಕೂಡದೆಂದು ನಿಷೇಧಿಸಿತು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಧರ್ಮವ್ಯವಸ್ಥೆಗಳು ರಾಜಪುರುಷರನ್ನೇ ಉದ್ದೇಶಿಸಿ ಒಂದೇ ಅಭಿಪ್ರಾಯವನ್ನು ಹೇಳಿರುವುದು ಗಮನಾರ್ಹವಾಗಿದೆ. ಶಾಂತವಾಗಿರುವ ಜನರ ನಡುವೆ ಕಲಹವನ್ನು ಬಿತ್ತಿ ಅದರಿಂದ ಲಾಭ ಪಡೆಯುವುದು ಪಾಪವೆಂಬುದೇ ಎರಡರ ತಾತ್ಪರ್ಯ.

ಈ ತಾತ್ಪರ್ಯವನ್ನು ಉಯಿಲಿಗೆ ಅನ್ವಯಿಸಿ ನೋಡಿದರೆ ಒಂದು ವೈಪರೀತ್ಯವು ಕಾಣುವುದು. ಉಯಿಲು ಹುಟ್ಟುವುದೇ ಕಲಹವನ್ನು ತಪ್ಪಿಸುವುದಕ್ಕೆ. ಬರೆದವನ ಇಷ್ಟವೇನೆಂಬುದು ಸಂದೇಹಕ್ಕೆಡೆಯಿಲ್ಲದಂತೆ ಗೊತ್ತಾದರೆ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲನ್ನು ಹತ್ತುವ ಕಾರಣವು ಬಹಳಮಟ್ಟಿಗೆ ಕಡಿಮೆಯಾಗುವುದು. ದಾವೆಯ ವಕೀಲನನ್ನು ಕಟ್ಟುವುದಕ್ಕೆಂದು ಹುಟ್ಟಿದ ನಿಷೇಧವು ದಾವೆಯನ್ನು ತಪ್ಪಿಸುವ ವಕೀಲನ ಬಾಯನ್ನೂ ಕಟ್ಟಿದರೆ, ಕಾರಣವಿಲ್ಲದ ಕಡೆಗೆ ಕಾರ್ಯವನ್ನು ಒಯ್ದಂತಾಗುವುದು. ಮುಂದೆ ತಿಳಿಸಲಿರುವ ಇತಿಹಾಸದ ಬಹುಭಾಗವು ಈ ತೊಡಕಿನಿಂದಲೇ ಉಂಟಾದುದು.

ಕನ್ನಡಿಗರಿಗೆ ಈ ವಿಷಯವು ಸ್ವಲ್ಪ ಹೊಸದಾಗಿ ತೋರುವುದಕ್ಕೆ ಸಕಾರಣವಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ. ಶ. ೧೦೭೬–೧೧೨೬) ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ಮತದಲ್ಲಿ ಪಿತ್ರಾರ್ಜಿತದಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟು. ತಂದೆಯು ಒಬ್ಬನೇ ಒಡೆಯನಲ್ಲದ ಆಸ್ತಿಯನ್ನು ಅವನು ಮರಣಶಾಸನದಿಂದ ಕೊಡುವುದು ಹೇಗೆ? ಆದ್ದರಿಂದ ಈ ಸೀಮೆಯಲ್ಲಿ ಉಯಿಲಿನ ರೂಢಿಯು ಪ್ರಾಚೀನವಾಗಿ ಬೆಳೆಯಲಿಲ್ಲ. ತಂದೆಗೆ ಪೂರ್ಣಸ್ವಾಮ್ಯವನ್ನು ಹೇಳುವ ಜೀಮೂತವಾಹನನ ದಾಯಭಾಗವು ನಡೆಯುತ್ತಿದ್ದ ವಂಗದೇಶದಲ್ಲಿ ಅದು ಮೊದಲು ಬಲಗೊಂಡಿತು. ೧೮೭೦ರ ಹಿಂದೂ ಉಯಿಲುಗಳ ಆಕ್ಟು, ೧೮೭೨ರಲ್ಲಿ ಪ್ರಿವಿ ಕೌನ್ಸಿಲಿನವರು ಟಾಗೋರ್ ವ್ಯಾಜ್ಯದಲ್ಲಿ ಕೊಟ್ಟ ತೀರ್ಪು, ೧೯೨೫ರ ಭಾರತ ಉತ್ತರಾಧಿಕಾರ ಆಕ್ಟು, ಇವುಗಳಿಂದ ಹಿಂದುಗಳ ಉಯಿಲಿಗೆ ನಿಶ್ಚಿತವಾದ ರೂಪವು ಬಂದಿತು. ೧೯೫೬ರ ಹಿಂದೂ ಉತ್ತರಾಧಿಕಾರ ಆಕ್ಟಿನ ೩೦ನೆಯ ಪ್ರಕರಣವು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತನಗಿರುವ ಭಾಗವನ್ನೂ ಹಿಂದುವು ಉಯಿಲಿನಿಂದ ಕೊಡಬಹುದೆಂದು ವಿಧಿಸಿತು. ಇಂಗ್ಲೆಂಡಿನಲ್ಲಾದರೋ ಭೂಮಿಯನ್ನು ಉಯಿಲಿನಿಂದ ಕೊಡುವ ಅಧಿಕಾರವು ೧೫೪೦ರ ಶಾಸನದಿಂದಲೇ ಇದ್ದಿತು. ೧೮೩೭ರ ಶಾಸನವು ಇಬ್ಬರು ಸಾಕ್ಷಿಗಳ ನಿಯಮವನ್ನು ಸ್ಥಿರಪಡಿಸಿತು. ಅಮೆರಿಕದವರು ಈ ಇಂಗ್ಲಿಷ್ ಸಂಪ್ರದಾಯದ ವಾರಸುದಾರರು. ಇನ್ನು ಅಲ್ಲಿಯ ವೃತ್ತಾಂತವನ್ನು ನೋಡಬಹುದು.

೩

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವಕೀಲರ ಜಾಹೀರಾತು ನಿಂದ್ಯವಾಗಿರಲಿಲ್ಲ. ಮುಂದೆ ರಾಷ್ಟ್ರಾಧ್ಯಕ್ಷನಾದ ಅಬ್ರಹಾಂ ಲಿಂಕನ್ನನು ೧೮೩೭ರಲ್ಲಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಜಾನ್ ಸ್ಟುವರ್ಟನ ಪಾಲುದಾರನಾಗಿ ವಕೀಲಿಯನ್ನು ಆರಂಭಿಸಿದಾಗ, ಆ ಸಂಗತಿಯು ಸ್ಯಾಂಗಮೊ ಜರ್ನಲ್ ಎಂಬ ಊರಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೮೮೭ರಲ್ಲಿ ಅಲಬಾಮಾ ಸಂಸ್ಥಾನದ ವಕೀಲರ ಸಂಘದವರು ರಚಿಸಿದ ನೀತಿಸಂಹಿತೆಯು ಆ ದೇಶದ ಸಂಸ್ಥಾನಸಂಘಗಳ ಸಂಹಿತೆಗಳಲ್ಲಿ ಮೊದಲನೆಯದು. ಸಾರ್ವಜನಿಕರೆಲ್ಲರಿಗೂ ಉದ್ದೇಶಿಸಿದ ಪತ್ರಿಕಾಪ್ರಕಟಣೆಯು ಯುಕ್ತವೇ, ಆದರೆ ಇಂಥವನೇ ತನ್ನ ಕಕ್ಷಿಗಾರನಾಗಬೇಕೆಂದು ಒಬ್ಬೊಬ್ಬ ವ್ಯಕ್ತಿಯ ಬೆನ್ನುಹತ್ತುವುದು ವರ್ಜ್ಯವೆಂದು ಅದರಲ್ಲಿ ಹೇಳಲ್ಪಟ್ಟಿತ್ತು. ಎಲ್ಲರಿಗೂ ಹೇಳುವುದು ಬೇರೆ, ಒಬ್ಬನನ್ನು ಹಿಡಿದು ಒತ್ತಾಯಪಡಿಸುವುದು ಬೇರೆ ಎಂಬ ಈ ವಿವೇಕವನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ತೊಂಬತ್ತು ವರ್ಷಗಳ ತರುವಾಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬಂದು ನಿಂತುದು ಬಹುಮಟ್ಟಿಗೆ ಅಲ್ಲಿಗೇ.

ನಡುವೆ ಆ ವಿವೇಕವು ಲುಪ್ತವಾಯಿತು. ೧೯೦೮ರಲ್ಲಿ ಅಮೆರಿಕದ ವಕೀಲರ ಸಂಘವು ಅಂಗೀಕರಿಸಿದ ನೀತಿಸಂಹಿತೆಯ ೨೭ನೆಯ ನಿಯಮವು, ಹೆಸರು ವಿಳಾಸಗಳುಳ್ಳ ಸಾಮಾನ್ಯವಾದ ಚೀಟಿಯೊಂದನ್ನು ಬಿಟ್ಟು, ಸುತ್ತೋಲೆಗಳಿಂದಾಗಲಿ ಜಾಹೀರಾತಿನಿಂದಾಗಲಿ ಕೆಲಸವನ್ನು ಕೋರುವುದು ವೃತ್ತಿಗೆ ತಕ್ಕುದಲ್ಲವೆಂದು ಸಾರಿತು. ವ್ಯಾಜ್ಯವನ್ನು ಕೆರಳಿಸಬಾರದೆಂಬ ೨೮ನೆಯ ನಿಯಮವು ಅದರ ಬೆನ್ನಿಗೇ ಬಂದಿರುವುದರಿಂದ ಅದನ್ನು ಬರೆದವರ ಮನೋಗತವು ಸ್ಪಷ್ಟವಾಗುತ್ತದೆ. ರೈಲುಗಾಡಿ ಮತ್ತು ಕಾರ್ಖಾನೆಗಳ ಅಪಘಾತಗಳಲ್ಲಿ ಗಾಯಗೊಂಡವರ ಹಿಂದೆ ವಕೀಲರು ಓಡುತ್ತಿದ್ದ ಕಾಲವದು. ಆ ದೋಷಕ್ಕೆ ಮಾಡಿದ ಔಷಧವು ವೃತ್ತಿಯ ಎಲ್ಲ ಅಂಗಗಳಿಗೂ ಒಂದೇ ಪ್ರಮಾಣದಲ್ಲಿ ಕುಡಿಸಲ್ಪಟ್ಟಿತು.

೪

ಉಯಿಲಿನ ವಿಷಯದಲ್ಲಿ ಈ ಔಷಧದ ಪರಿಣಾಮವು ಬೇಗನೆ ಗೋಚರವಾಯಿತು. ವಕೀಲರು ಮೌನವ್ರತವನ್ನು ಹಿಡಿದುದರಿಂದ ಜನರ ಕಿವಿಯೇನೂ ಬರಿದಾಗಿ ಉಳಿಯಲಿಲ್ಲ. ಆ ಅವಕಾಶವನ್ನು ಬೇರೆಯವರು ತುಂಬಿದರು. ೧೯೧೬ರಲ್ಲಿ ಕೇಂದ್ರಸರ್ಕಾರವು ಮೃತರ ಆಸ್ತಿಯ ಮೇಲೆ ತೆರಿಗೆಯನ್ನು ವಿಧಿಸಿದ ಮೇಲೆ ಶ್ರೀಮಂತರಿಗೆ ಸಲಹೆಯ ಅಗತ್ಯವು ಹೆಚ್ಚಿತು. ಬ್ಯಾಂಕುಗಳೂ ಟ್ರಸ್ಟ್ ಕಂಪನಿಗಳೂ, ಉಯಿಲನ್ನು ಬರೆಯಿಸಿ ತಮ್ಮನ್ನೇ ಅದರ ನಿರ್ವಾಹಕರನ್ನಾಗಿ ನೇಮಿಸಿರೆಂದು ಪತ್ರಿಕೆಗಳಲ್ಲಿ ಧಾರಾಳವಾಗಿ ಜಾಹೀರಾತು ಕೊಡುತ್ತಿದ್ದವು. ಕಂಪನಿಯ ಮೇಲೆ ವಕೀಲರ ನೀತಿಸಂಹಿತೆಯ ಅಧಿಕಾರವು ನಡೆಯುವಂತಿರಲಿಲ್ಲ. ನ್ಯೂಯಾರ್ಕಿನಲ್ಲಿ ಕಂಪನಿಗಳು ವಕೀಲಿಯನ್ನು ಮಾಡಕೂಡದೆಂದು ೧೯೦೯ರಲ್ಲಿ ಕಾನೂನಾಯಿತು. ೧೯೩೦ರಲ್ಲಿ ಅಮೆರಿಕದ ವಕೀಲರ ಸಂಘವು ಅನಧಿಕೃತ ವಕೀಲಿಯನ್ನು ತಡೆಯುವುದಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿತು. ಬಲ್ಲವನು ಮಾತನಾಡಕೂಡದು, ಮಾತನಾಡುವವನು ಪತ್ರವನ್ನು ಬರೆಯಕೂಡದು ಎಂಬ ಈ ವಿಚಿತ್ರ ಸ್ಥಿತಿಯಲ್ಲಿ ಸಾಮಾನ್ಯ ಗೃಹಸ್ಥನಿಗೆ ಉಪಕಾರವೇನೂ ಆದಂತೆ ತೋರುವುದಿಲ್ಲ.

ಮೌನದ ಕಟ್ಟನ್ನು ಮೊದಲು ಸಡಲಿಸಿದುದು ೧೯೪೧ರ ಒಂದು ಸಣ್ಣ ಅಭಿಪ್ರಾಯಪತ್ರ. ಹಿಂದೊಮ್ಮೆ ಉಯಿಲನ್ನು ಬರೆಯಿಸಿಕೊಂಡು ಹೋದ ಕಕ್ಷಿಗಾರನಿಗೆ, ಈಚೆಗೆ ಕಾನೂನು ಬದಲಾಗಿದೆ, ನಿಮ್ಮ ಪತ್ರವನ್ನು ಪುನಃ ಪರೀಕ್ಷಿಸುವುದು ಒಳ್ಳೆಯದೆಂದು ವಕೀಲನು ಕಾಗದ ಬರೆಯಬಹುದೇ, ಅಥವಾ ಅದೂ ಕೆಲಸವನ್ನು ಬೇಡಿದಂತಾಗುವುದೇ ಎಂಬ ಪ್ರಶ್ನೆಯು ಅಮೆರಿಕದ ವಕೀಲರ ಸಂಘದ ನೀತಿಸಮಿತಿಯ ಮುಂದೆ ಬಂದಿತು. ಸಮಿತಿಯು ತನ್ನ ೨೧೦ನೆಯ ಅಭಿಪ್ರಾಯದಲ್ಲಿ, ಕಕ್ಷಿಗಾರನು ಬೇರೊಬ್ಬ ವಕೀಲನನ್ನು ಗೊತ್ತುಮಾಡಿಕೊಂಡನೆಂದು ತಿಳಿಯಲು ಕಾರಣವಿಲ್ಲದಿದ್ದರೆ, ಹಾಗೆ ಬರೆಯುವುದು ವಕೀಲನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಆಗಬಹುದೆಂದು ತೀರ್ಮಾನಿಸಿತು. ಬೇರೆಲ್ಲಾ ಕಡೆಗಳಲ್ಲಿ ಮಾತನಾಡುವುದು ದೋಷವೆನಿಸಿದ್ದ ಕಾಲದಲ್ಲಿ, ಉಯಿಲಿನ ಪ್ರಸಂಗದಲ್ಲಿ ಸುಮ್ಮನಿರುವುದೇ ದೋಷವಾಗಬಹುದೆಂದು ವೃತ್ತಿಯೇ ಒಪ್ಪಿಕೊಂಡಂತಾಯಿತು. ಈ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಘಟ್ಟವು ಇನ್ನೊಂದಿಲ್ಲವೆನ್ನಬಹುದು.

ಆ ಅಭಿಪ್ರಾಯದ ಯಥಾರ್ಥತೆಯನ್ನು ತೋರಿಸುವ ಒಂದು ವ್ಯಾಜ್ಯವು ಬಹುಕಾಲದ ಮೇಲೆ ನಡೆಯಿತು. ವಾಷಿಂಗ್ಟನ್ ಸಂಸ್ಥಾನದ ಎಗೆಲ್‌ಹಾಫ್ ಎಂಬಾತನು ವಿವಾಹವಿಚ್ಛೇದನವಾದ ಎರಡು ತಿಂಗಳಿನಲ್ಲಿ, ೧೯೯೪ರಲ್ಲಿ, ಅಪಘಾತದಿಂದ ಮೃತನಾದನು. ತನ್ನ ಜೀವವಿಮೆ ಮತ್ತು ನಿವೃತ್ತಿವೇತನದ ಕಾಗದಗಳಲ್ಲಿದ್ದ ಮಾಜಿ ಪತ್ನಿಯ ಹೆಸರನ್ನು ಅವನು ತೆಗೆಯಿಸಿರಲಿಲ್ಲ. ವಿಚ್ಛೇದನದಿಂದ ಅಂಥ ನಾಮನಿರ್ದೇಶವು ರದ್ದಾಗುವುದೆಂದು ಸಂಸ್ಥಾನದ ಕಾನೂನು ಹೇಳುತ್ತಿದ್ದರೂ, ಉದ್ಯೋಗಿಗಳ ನಿವೃತ್ತಿವೇತನವನ್ನು ಕುರಿತ ಕೇಂದ್ರದ ಕಾನೂನೇ ಪ್ರಬಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೦೧ರಲ್ಲಿ ತೀರ್ಪಿತ್ತಿತು. ಹಿಂದಿನ ವಿವಾಹದ ಮಕ್ಕಳು ಕೈಬೀಸಿಕೊಂಡು ಹಿಂದಿರುಗಬೇಕಾಯಿತು. ಒಂದು ಹೆಸರನ್ನು ಬದಲಾಯಿಸಿರೆಂಬ ಒಂದು ಮಾತು ಸಕಾಲದಲ್ಲಿ ಕಿವಿಗೆ ಬಿದ್ದು ನಡೆದಿದ್ದರೆ ಏಳು ವರ್ಷಗಳ ಕಲಹಕ್ಕೆ ಆಸ್ಪದವಿರುತ್ತಿರಲಿಲ್ಲ.

೫

ವಕೀಲರ ಮೌನಕ್ಕೆ ಹೊರಗಿನಿಂದ ಬಿದ್ದ ದೊಡ್ಡ ಪೆಟ್ಟು ೧೯೬೫ರಲ್ಲಿ ಪ್ರಕಟವಾದ ಒಂದು ಪುಸ್ತಕ. ಕನೆಕ್ಟಿಕಟ್ ಸಂಸ್ಥಾನದ ನಾರ್ಮನ್ ಡೇಸಿ ಎಂಬಾತನು ವಕೀಲನಲ್ಲ. ಉಯಿಲನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸುವ ಕ್ರಮವನ್ನು, ಎಂದರೆ ಪ್ರೊಬೇಟನ್ನು, ತಪ್ಪಿಸಿಕೊಳ್ಳುವ ಬಗೆಯನ್ನು ತಿಳಿಸಿ, ಓದುಗನೇ ತುಂಬಿಕೊಳ್ಳಬಹುದಾದ ಟ್ರಸ್ಟಿನ ನಮೂನೆಗಳನ್ನೂ ಸೇರಿಸಿ ಅವನು ಅಚ್ಚುಹಾಕಿಸಿದ ಗ್ರಂಥವು ಅಪಾರವಾಗಿ ಮಾರಾಟವಾಯಿತು. ನ್ಯೂಯಾರ್ಕ್ ಕೌಂಟಿಯ ವಕೀಲರ ಸಂಘವು ಇದು ಅನಧಿಕೃತ ವಕೀಲಿಯೆಂದು ದಾವೆ ಹೂಡಿತು. ಕೆಳಗಿನ ನ್ಯಾಯಾಲಯಗಳು ಸಂಘದ ವಾದವನ್ನು ಒಪ್ಪಿದರೂ, ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯವು ೧೯೬೭ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಇಂಥ ವ್ಯಕ್ತಿಗೆಂದು ಸಲಹೆ ಕೊಡದೆ ಸಾರ್ವಜನಿಕರಿಗೆಲ್ಲ ಬರೆದ ಪುಸ್ತಕವು ವಕೀಲಿಯಲ್ಲವೆಂಬುದೇ ಅದರ ಆಧಾರ. ಆ ಪುಸ್ತಕವನ್ನು ಕೊಂಡವರ ಸಂಖ್ಯೆಯೇ ಜನರಲ್ಲಿದ್ದ ಜಿಜ್ಞಾಸೆಗೆ ಸಾಕ್ಷಿಯಾಗಿತ್ತು. ಅದನ್ನು ತಣಿಸುವ ಮಾರ್ಗವು ವಕೀಲರಿಗೇ ಮುಚ್ಚಿತ್ತು.

ಆ ಮಾರ್ಗವು ತೆರೆದುದು ೧೯೭೭ರ ಜೂನ್ ೨೭ರಂದು. ಅರಿಜೋನಾ ಸಂಸ್ಥಾನದ ಫೀನಿಕ್ಸ್ ನಗರದ ಬೇಟ್ಸ್ ಮತ್ತು ಓ'ಸ್ಟೀನ್ ಎಂಬ ಇಬ್ಬರು ಯುವಕ ವಕೀಲರು, ಮಧ್ಯಮವರ್ಗದವರಿಗೆ ಅಗ್ಗದಲ್ಲಿ ಕಾನೂನಿನ ನೆರವನ್ನು ಕೊಡುವ ಉದ್ದೇಶದಿಂದ ಕಚೇರಿಯನ್ನು ತೆರೆದು, ೧೯೭೬ರ ಫೆಬ್ರವರಿ ೨೨ರಂದು ಪತ್ರಿಕೆಯಲ್ಲಿ ತಮ್ಮ ದರಗಳನ್ನು ಪ್ರಕಟಿಸಿದ್ದರು. ವಿರೋಧವಿಲ್ಲದ ವಿಚ್ಛೇದನ, ದತ್ತಸ್ವೀಕಾರ, ದಿವಾಳಿ, ಹೆಸರಿನ ಬದಲಾವಣೆ, ಇವುಗಳ ದರಗಳು ಅದರಲ್ಲಿದ್ದವು. ಉಯಿಲಿನ ಹೆಸರು ಇರಲಿಲ್ಲ. ಸಂಸ್ಥಾನದ ವಕೀಲರ ಸಂಘವು ಅವರನ್ನು ಶಿಕ್ಷಿಸಲು ಹೊರಟಿತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಐವರು, ಸತ್ಯವಾದ ಜಾಹೀರಾತನ್ನು ಸಂಪೂರ್ಣವಾಗಿ ನಿಷೇಧಿಸುವುದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ನಿರ್ಣಯಿಸಿದರು. ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ನರು, ಜಾಹೀರಾತಿನಿಂದ ವ್ಯಾಜ್ಯಗಳು ಹೆಚ್ಚುವುವೆಂಬ ಆಕ್ಷೇಪಕ್ಕೆ, ಅನ್ಯಾಯವನ್ನು ಸುಮ್ಮನೆ ಸಹಿಸುವುದೇ ಯಾವಾಗಲೂ ಮೇಲೆಂದು ಹೇಳಲಾಗದೆಂದು ಉತ್ತರ ಕೊಟ್ಟರು.

ಇದರ ತರುವಾಯ ಬಂದ ತೀರ್ಪುಗಳು ಮೇರೆಗಳನ್ನು ಒಂದೊಂದಾಗಿ ಗುರುತಿಸಿದವು. ಆಸ್ಪತ್ರೆಯಲ್ಲಿ ಮಲಗಿದ್ದ ಗಾಯಾಳುವಿನ ಬಳಿಗೆ ಹೋಗಿ ವಕಾಲತ್ತನ್ನು ಕೇಳಿದ ವಕೀಲನಿಗೆ ಆದ ಶಿಕ್ಷೆಯು ೧೯೭೮ರಲ್ಲಿ ಸ್ಥಿರಪಟ್ಟಿತು. ಒಂದು ನಿರ್ದಿಷ್ಟ ವಿಷಯದಲ್ಲಿ ತೊಂದರೆಗೊಳಗಾದವರಿಗೆ ಕಾನೂನಿನ ಸ್ಥಿತಿಯನ್ನು ತಿಳಿಸುವ ಚಿತ್ರಸಹಿತವಾದ ಜಾಹೀರಾತು ನಿರ್ದೋಷವೆಂದು ೧೯೮೫ರಲ್ಲಿಯೂ, ಅಗತ್ಯವುಳ್ಳವರಿಗೆಂದೇ ಬರೆದ ಕಾಗದವು ನಿರ್ದೋಷವೆಂದು ೧೯೮೮ರಲ್ಲಿಯೂ ನಿರ್ಣಯವಾಯಿತು. ಕಾಗದವನ್ನು ಓದದೆ ಬದಿಗಿಡಬಹುದು, ಎದುರಿಗೆ ನಿಂತ ವಾಗ್ಮಿಯನ್ನು ಹಾಗೆ ಬದಿಗಿಡಲಾಗದೆಂಬುದು ಇದರ ಯುಕ್ತಿ. ಅಪಘಾತದಲ್ಲಿ ಗಾಯಗೊಂಡವರಿಗೂ ಮೃತರ ಬಂಧುಗಳಿಗೂ ಮೂವತ್ತು ದಿನಗಳವರೆಗೆ ಅಂಥ ಕಾಗದವನ್ನು ಕಳುಹಿಸಕೂಡದೆಂಬ ಫ್ಲಾರಿಡಾದ ನಿಯಮವನ್ನು ನ್ಯಾಯಾಲಯವು ೧೯೯೫ರಲ್ಲಿ ಎತ್ತಿಹಿಡಿಯಿತು. ದುಃಖದಲ್ಲಿ ಮುಳುಗಿದವನಿಗೆ ತಿಂಗಳಮಟ್ಟಿನ ಏಕಾಂತವನ್ನಾದರೂ ಬಿಟ್ಟುಕೊಡಬೇಕೆಂಬ ಈ ನಿಯಮದಲ್ಲಿ ಆಶೌಚದ ಅವಧಿಯ ಮರ್ಯಾದೆಯನ್ನು ಬಲ್ಲವರಿಗೆ ಅಪರಿಚಿತವಾದುದೇನೂ ಇಲ್ಲ.

೬

ಮೌನದಲ್ಲಿ ದೋಷವಿದ್ದಂತೆ ಮಾತಿನಲ್ಲಿಯೂ ದೋಷವುಂಟೆಂಬುದು ಬೇಗನೆ ಅನುಭವಕ್ಕೆ ಬಂದಿತು. ಉಯಿಲಿನ ವಿಷಯದಲ್ಲಿ ಕೇಳುವವರು ಹೆಚ್ಚಾಗಿ ವೃದ್ಧರು; ಅವರಿಗೆ ಮರಣದ ಭಯ, ತೆರಿಗೆಯ ಭಯ, ಮಕ್ಕಳು ಕಾದಾಡುವರೆಂಬ ಭಯ. ಈ ಮೂರು ಭಯಗಳನ್ನು ಹಿಡಿದು, ಬೇಕಾದವನಿಗೂ ಬೇಡದವನಿಗೂ ಒಂದೇ ನಮೂನೆಯ ಜೀವಿತಕಾಲದ ಟ್ರಸ್ಟನ್ನು ಮಾರುವ ವ್ಯಾಪಾರವು ಹಲವು ಸಂಸ್ಥಾನಗಳಲ್ಲಿ ಹಬ್ಬಿತು. ೧೯೯೨ರಲ್ಲಿ ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯವು, ವಕೀಲರಲ್ಲದವರು ಟ್ರಸ್ಟಿಗೆ ಬೇಕಾದ ವಿವರಗಳನ್ನು ಸಂಗ್ರಹಿಸಬಹುದೇ ಹೊರತು, ಇಂಥವನಿಗೆ ಟ್ರಸ್ಟು ಬೇಕೆಂದು ನಿರ್ಧರಿಸುವುದು, ಪತ್ರವನ್ನು ರಚಿಸುವುದು ಮೊದಲಾದವು ವಕೀಲನ ಕೆಲಸವೆಂದು ಸ್ಪಷ್ಟಪಡಿಸಬೇಕಾಯಿತು. ತೆರಿಗೆಯ ವಿಷಯದಲ್ಲಂತೂ ಅತಿಶಯೋಕ್ತಿಗೆ ಅವಕಾಶವು ಬಹಳ. ಬರೆದವನೇ ಯಾವಾಗ ಬೇಕಾದರೂ ರದ್ದುಪಡಿಸಬಹುದಾದ ಟ್ರಸ್ಟಿನಲ್ಲಿಟ್ಟ ಆಸ್ತಿಯು ಅಮೆರಿಕದ ಕೇಂದ್ರ ಆಸ್ತಿತೆರಿಗೆಯ ಲೆಕ್ಕದಲ್ಲಿ ಅವನದೇ ಆಗಿ ಉಳಿಯುತ್ತದೆ. ಹೀಗಿದ್ದರೂ ಟ್ರಸ್ಟು ಮಾಡಿದಮಾತ್ರದಿಂದ ತೆರಿಗೆ ತಪ್ಪುವುದೆಂದು ಹೇಳುವವನು ಸುಳ್ಳು ಹೇಳಿದವನೇ ಆಗುತ್ತಾನೆ.

ಆದಕಾರಣ ೧೯೮೩ರಲ್ಲಿ ರಚಿತವಾಗಿ ೨೦೧೮ರ ಆಗಸ್ಟಿನಲ್ಲಿ ಈ ಭಾಗದಲ್ಲಿ ತಿದ್ದಲ್ಪಟ್ಟ ಅಮೆರಿಕದ ವಕೀಲರ ಸಂಘದ ಮಾದರಿ ನಿಯಮಗಳು, ಮಾತನ್ನು ನಿಷೇಧಿಸದೆ ಅಸತ್ಯವನ್ನು ನಿಷೇಧಿಸುತ್ತವೆ. ತನ್ನನ್ನಾಗಲಿ ತನ್ನ ಸೇವೆಯನ್ನಾಗಲಿ ಕುರಿತು ವಕೀಲನು ಸುಳ್ಳನ್ನೂ ತಪ್ಪುದಾರಿಗೆಳೆಯುವ ಮಾತನ್ನೂ ಹೇಳಕೂಡದೆಂಬುದು ಪ್ರಧಾನವಾದ ವಿಧಿ; ಅಕ್ಷರಶಃ ಸತ್ಯವಾಗಿದ್ದರೂ ಹೇಳಬೇಕಾದುದನ್ನು ಬಿಟ್ಟುದರಿಂದ ಭ್ರಾಂತಿಯನ್ನುಂಟುಮಾಡುವ ಮಾತೂ ಇದರಲ್ಲಿ ಅಡಕವಾಗಿದೆ. ನಿಯಮಿತವಾದ ಸಂಸ್ಥೆಯಿಂದ ಪ್ರಮಾಣಪತ್ರವನ್ನು ಪಡೆಯದವನು ತಾನು ಪ್ರಮಾಣಿತ ವಿಶೇಷಜ್ಞನೆಂದು ಹೇಳಿಕೊಳ್ಳುವಂತಿಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲಾರಿಡಾ ಸಂಸ್ಥಾನಗಳಲ್ಲಿ ಉಯಿಲು ಮತ್ತು ಟ್ರಸ್ಟಿನ ವಿಷಯದಲ್ಲಿ ಅಂಥ ಪ್ರಮಾಣಪತ್ರಗಳು ಕೊಡಲ್ಪಡುತ್ತವೆ. ಈ ಮಾದರಿ ನಿಯಮಗಳನ್ನು ಪ್ರತಿಯೊಂದು ಸಂಸ್ಥಾನವೂ ತನಗೆ ಬೇಕಾದ ಬದಲಾವಣೆಗಳೊಡನೆ ಸ್ವೀಕರಿಸಿರುವುದರಿಂದ, ವಕೀಲನು ತನ್ನ ಸಂಸ್ಥಾನದ ಪಾಠವನ್ನೇ ಪ್ರಮಾಣವಾಗಿಟ್ಟುಕೊಳ್ಳಬೇಕು.

೭

ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಹಳೆಯ ಪ್ರಶ್ನೆಗಳೇ ಹೊಸ ವೇಷದಲ್ಲಿ ಕಾಣಿಸಿಕೊಂಡವು. ಅಲ್ಲಿ ಬರೆದುದು ಸಾರ್ವಜನಿಕ ಪ್ರಕಟಣೆಯೋ ಎದುರಿಗೆ ನಿಂತು ಮಾಡಿದ ಒತ್ತಾಯವೋ? ೨೦೧೮ರ ತಿದ್ದುಪಾಟಿನಲ್ಲಿ ಮುಖಾಮುಖಿ ಭೇಟಿ, ದೂರವಾಣಿ ಮೊದಲಾದ ಪ್ರತ್ಯಕ್ಷಸಂಭಾಷಣೆಯು ಒಂದು ವರ್ಗವೆಂದೂ, ಪಡೆದವನು ಸುಲಭವಾಗಿ ಕಡೆಗಣಿಸಬಹುದಾದ ಲಿಖಿತಸಂದೇಶವು ಇನ್ನೊಂದು ವರ್ಗವೆಂದೂ ವಿಂಗಡಿಸಲ್ಪಟ್ಟಿತು. ಅಲಬಾಮಾದವರ ೧೮೮೭ರ ವಿವೇಕವೇ ಇಲ್ಲಿ ಮತ್ತೆ ಬಂದಿರುವುದನ್ನು ಕಾಣಬಹುದು. ಹಾಗಾದರೆ ಸ್ವಂತ ಪುಟದಲ್ಲಿ ಬರೆದ ಪ್ರತಿಯೊಂದು ಮಾತೂ ಜಾಹೀರಾತೇ? ಕ್ಯಾಲಿಫೋರ್ನಿಯಾದ ವಕೀಲರ ಸಂಘದ ಸಮಿತಿಯು ೨೦೧೨ರ ಅಭಿಪ್ರಾಯವೊಂದರಲ್ಲಿ, ದಾವೆಯಲ್ಲಿ ಗೆದ್ದ ಸಂತೋಷವನ್ನು ಮಾತ್ರ ತಿಳಿಸಿದರೆ ಅದು ಜಾಹೀರಾತಲ್ಲ, ಅದರ ಜೊತೆಗೆ ಮುಂದಿನ ಸರದಿ ಯಾರದೆಂದು ಕರೆದರೆ ಜಾಹೀರಾತಾಗುವುದೆಂದು ಉದಾಹರಣೆಗಳಿಂದ ತೋರಿಸಿತು.

ಉಯಿಲಿನ ವಕೀಲನಿಗೆ ಇವುಗಳಿಗಿಂತಲೂ ಭಾರವಾದ ಕರ್ತವ್ಯವು ರಹಸ್ಯಪಾಲನೆ. ಮನೆಯ ಒಳಗಿನ ಪ್ರೀತಿವೈರಗಳೆಲ್ಲವೂ ಅವನ ಕಿವಿಗೆ ಬೀಳುತ್ತವೆ. ಕಕ್ಷಿಗಾರನು ತೀರಿಕೊಂಡರೂ ವಕೀಲನೊಡನೆ ಅವನಾಡಿದ ಮಾತಿನ ರಕ್ಷೆಯು ತೀರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೮ರಲ್ಲಿ ನಿರ್ಣಯಿಸಿತು. ಪ್ರೊಬೇಟಿಗೆ ಬಂದ ಉಯಿಲು ಅಮೆರಿಕದಲ್ಲಿ ಸಾರ್ವಜನಿಕ ದಾಖಲೆಯಾಗುವುದಾದರೂ, ದಾಖಲೆಯಲ್ಲಿದೆಯೆಂಬ ಕಾರಣದಿಂದ ವಕೀಲನು ಅದನ್ನು ಕುರಿತು ಬರೆಯಬಹುದೆಂದಲ್ಲ. ಜಾಲಲೇಖನಗಳನ್ನು ಬರೆಯುವ ವಕೀಲರಿಗೆ ಅಮೆರಿಕದ ವಕೀಲರ ಸಂಘವು ೨೦೧೮ರ ೪೮೦ನೆಯ ಅಭಿಪ್ರಾಯದಲ್ಲಿ ಇದನ್ನೇ ಎಚ್ಚರಿಸಿತು. ಅತೃಪ್ತನಾದ ಕಕ್ಷಿಗಾರನೊಬ್ಬನು ಜಾಲತಾಣದಲ್ಲಿ ನಿಂದಿಸಿ ಬರೆದರೆ, ನಡೆದ ಸಂಗತಿಯನ್ನು ಬಯಲುಮಾಡಿ ಉತ್ತರ ಕೊಡುವ ಅಧಿಕಾರವೂ ವಕೀಲನಿಗಿಲ್ಲವೆಂದು ೨೦೨೧ರ ಜನವರಿಯ ೪೯೬ನೆಯ ಅಭಿಪ್ರಾಯವು ಹೇಳುತ್ತದೆ. ವೃತ್ತಿಧರ್ಮವು ಉತ್ತರಕ್ಕೆ ಎಡೆಗೊಡುವುದಿಲ್ಲವೆಂದಷ್ಟೇ ಅವನು ಹೇಳಬಹುದು. ನಿಂದೆಯನ್ನು ಸಹಿಸಿಕೊಳ್ಳುವುದು ಕಷ್ಟವೇ. ಆದರೆ ತನ್ನ ಮಾನವನ್ನು ಕಾಯುವುದಕ್ಕಾಗಿ ಪರರ ಗುಟ್ಟನ್ನು ಬಿಚ್ಚುವವನ ಬಳಿಗೆ ಉಯಿಲನ್ನು ಬರೆಯಿಸಲು ಯಾರು ಹೋದಾರು?

ಇನ್ನು ಎರಡು ಅಪಾಯಗಳು ಈ ಶಾಖೆಗೆ ವಿಶಿಷ್ಟವಾದವು. ಜಾಲತಾಣದಲ್ಲಿ ಅಪರಿಚಿತನು ತನ್ನ ಮನೆಯ ಸ್ಥಿತಿಯನ್ನು ಹೇಳಿ ಪ್ರಶ್ನೆ ಕೇಳಿದಾಗ ಅದಕ್ಕೆ ನಿರ್ದಿಷ್ಟವಾದ ಉತ್ತರ ಕೊಟ್ಟರೆ, ವಕೀಲ ಕಕ್ಷಿಗಾರರ ಸಂಬಂಧದ ಹೊಣೆಯು ಅರಿವಿಲ್ಲದೆಯೇ ಮೈಮೇಲೆ ಬರಬಹುದು. ಕೇಳಿದವನು ಬೇರೆ ಸಂಸ್ಥಾನದವನಾಗಿದ್ದರೆ ಉತ್ತರವೇ ತಪ್ಪಾಗಬಹುದು. ದಂಪತಿಗಳ ಆರ್ಜನೆಯು ಇಬ್ಬರಿಗೂ ಸಮವೆನ್ನುವ ಕ್ಯಾಲಿಫೋರ್ನಿಯಾದ ನ್ಯಾಯವು ನ್ಯೂಯಾರ್ಕಿನಲ್ಲಿಲ್ಲ. ಎರಡನೆಯದಾಗಿ, ವೃದ್ಧರಿಗೆಂದು ಬರೆದುದನ್ನು ಓದುವವರು ಹಲವು ವೇಳೆ ಅವರ ಮಕ್ಕಳು. ಮಗನು ಓದಿ, ತಂದೆಯನ್ನು ಕರೆತಂದು, ತಾನೇ ಹಣ ಕೊಟ್ಟು, ತನಗೇ ಅನುಕೂಲವಾದ ಉಯಿಲನ್ನು ಬರೆಯಿಸಿದರೆ, ಅದು ಪ್ರಭಾವಕ್ಕೊಳಗಾಗಿ ಬರೆದುದೆಂಬ ಆಕ್ಷೇಪಕ್ಕೆ ದಾರಿ ತೆರೆಯುತ್ತದೆ. ಕರೆತಂದವನು ಯಾರೇ ಆಗಲಿ, ಹಣ ಕೊಟ್ಟವನು ಯಾರ ಮಗನೇ ಆಗಲಿ, ಕಕ್ಷಿಗಾರನು ಉಯಿಲನ್ನು ಬರೆಯಿಸುವವನೇ. ಇದನ್ನು ಮೊದಲ ಪ್ರಕಟಣೆಯಲ್ಲಿಯೇ ತಿಳಿಸುವುದು ಉಚಿತ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಯಾವ ಬರಹವು ಉಪಕಾರಕವೆಂಬುದು ತಾನಾಗಿಯೇ ಹೊರಪಡುತ್ತದೆ. ಸಾಕ್ಷಿಗಳು ಎಷ್ಟು ಮಂದಿ ಬೇಕು, ಉಯಿಲಿನ ಫಲಭಾಗಿಯೇ ಸಾಕ್ಷಿಯಾದರೆ ಏನಾಗುವುದು, ವಿವಾಹ ವಿಚ್ಛೇದನ ಜನನಗಳಾದಾಗ ಯಾವ ಕಾಗದಗಳನ್ನು ತಿರುವಿನೋಡಬೇಕು, ಮೂಲಪತ್ರವನ್ನು ಎಲ್ಲಿಡಬೇಕು, ತೀರಿಕೊಂಡವನ ಜಾಲತಾಣದ ಖಾತೆಗಳು ಯಾರ ವಶಕ್ಕೆ ಬರಬೇಕು, ಇಂಥ ಸಾಮಾನ್ಯ ವಿಷಯಗಳನ್ನು ತಿಳಿಯಾದ ಮಾತಿನಲ್ಲಿ ಹೇಳುವ ಬರಹವು ಓದಿದವನು ವಕೀಲನ ಬಳಿಗೆ ಬರಲಿ ಬಾರದಿರಲಿ ಅವನಿಗೆ ಹಿತವನ್ನೇ ಮಾಡುತ್ತದೆ. ಭಯವನ್ನು ಹುಟ್ಟಿಸಿ ಅದರ ಪರಿಹಾರವು ತನ್ನೊಬ್ಬನಲ್ಲಿಯೇ ಉಂಟೆನ್ನುವ ಬರಹವು ಬರೆದವನ ಹಿತವನ್ನು ಮಾತ್ರ ಮಾಡುತ್ತದೆ.

೮

ಭಾರತದಲ್ಲಿ ಈ ಇತಿಹಾಸವು ಇನ್ನೂ ನಿಷೇಧದ ಘಟ್ಟಕ್ಕೆ ಸಮೀಪದಲ್ಲಿದೆ. ೧೯೬೧ರ ಅಡ್ವೊಕೇಟರ ಆಕ್ಟಿನ ಮೇರೆಗೆ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳಲ್ಲಿ ೩೬ನೆಯದು ಜಾಹೀರಾತನ್ನೂ ಕೆಲಸದ ಕೋರಿಕೆಯನ್ನೂ ನಿಷೇಧಿಸುತ್ತದೆ. ನಾಮಫಲಕವು ಮಿತವಾದ ಅಳತೆಯದಾಗಿರಬೇಕೆಂದೂ, ಇಂಥ ಕೆಲಸದಲ್ಲಿ ತಾನು ವಿಶೇಷಜ್ಞನೆಂದು ಅದರಲ್ಲಿ ಬರೆಯಿಸಕೂಡದೆಂದೂ ವಿಧಿಸುತ್ತದೆ. ೨೦೦೮ರ ತಿದ್ದುಪಾಟಿನಿಂದ ಹೆಸರು, ವಿಳಾಸ, ನೋಂದಣಿಯ ವಿವರ, ವಿದ್ಯಾರ್ಹತೆ, ವೃತ್ತಿಯ ಕ್ಷೇತ್ರ, ಇಷ್ಟನ್ನು ಮಾತ್ರ ಜಾಲಪುಟದಲ್ಲಿ ಪ್ರಕಟಿಸಲು ಅವಕಾಶವಾಯಿತು. ೨೦೨೪ರ ಜುಲೈಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು, ಜಾಲತಾಣಗಳ ಮೂಲಕ ಕೆಲಸವನ್ನು ಕೋರುವ ವಕೀಲರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಪರಿಷತ್ತಿಗೆ ಆದೇಶವಿತ್ತಿತು. ವಕೀಲಿಯು ವ್ಯಾಪಾರವಲ್ಲ, ಸೇವೆಯೆಂಬುದು ಅದರ ನಿಲುವು. ಆ ನಿಲುವಿನ ಗಾಂಭೀರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೂ ಉಯಿಲಿನ ವಿಷಯದಲ್ಲಿ ಜನರಿಗೆ ತಿಳಿವಳಿಕೆಯನ್ನು ಕೊಡುವುದು, ಸ್ವಂತಕ್ಕೆ ಕೆಲಸವನ್ನು ಕೋರುವುದು, ಇವೆರಡನ್ನೂ ಬೇರ್ಪಡಿಸಿ ಕಾಣಬೇಕಾದ ಅಗತ್ಯವು ಇಲ್ಲಿಯೂ ಇದೆ. ತನ್ನ ಹೆಸರನ್ನು ಮುಂದೆ ಮಾಡದೆ ಕನ್ನಡದಲ್ಲಿ ಉಯಿಲಿನ ಕ್ರಮವನ್ನು ತಿಳಿಸುವ ಲೇಖನ, ಉಪನ್ಯಾಸ, ಕೈಪಿಡಿಗಳಿಂದ ನಿಯಮದ ಆತ್ಮಕ್ಕೆ ಭಂಗ ಬರುವಂತೆ ಕಾಣುವುದಿಲ್ಲ.

ಮೇಲೆ ಹೇಳಿದ ಮನುವಿನ ವಿಧಿಗೆ ಎರಡು ಭಾಗಗಳಿವೆ. ಇಲ್ಲದ ವ್ಯಾಜ್ಯವನ್ನು ಹುಟ್ಟಿಸಬೇಡವೆಂಬುದು ಒಂದು. ಬಂದ ವ್ಯಾಜ್ಯವನ್ನು ನುಂಗಬೇಡವೆಂಬುದು ಇನ್ನೊಂದು. ಅದು ರಾಜಪುರುಷರಿಗೆ ಹೇಳಿದುದಾದರೂ ಉಪಮಾನದಿಂದ ಇಲ್ಲಿಗೆ ಹೊಂದುತ್ತದೆ. ೧೯೦೮ರ ಸಂಹಿತೆಯು ಮೊದಲನೆಯ ಭಾಗವನ್ನು ಮಾತ್ರ ಹಿಡಿದು, ಹೇಳಬೇಕಾದುದನ್ನೂ ನುಂಗುವಂತೆ ವಕೀಲರನ್ನು ಕಟ್ಟಿಹಾಕಿತು. ೧೯೭೭ರ ಬಳಿಕ ಕೆಲವರು ಎರಡನೆಯ ಭಾಗವನ್ನು ಮಾತ್ರ ಹಿಡಿದು, ಇಲ್ಲದ ಭಯವನ್ನು ಹುಟ್ಟಿಸತೊಡಗಿದರು. ಇವೆರಡರ ನಡುವಣ ದಾರಿಯನ್ನು ೧೯೪೧ರ ಆ ಚಿಕ್ಕ ಅಭಿಪ್ರಾಯವು ಅದಾಗಲೇ ತೋರಿಸಿದ್ದಿತು. ತಿಳಿದವನು ತಿಳಿಯದವನಿಗೆ ಸಕಾಲದಲ್ಲಿ ಸತ್ಯವನ್ನು ಹೇಳುವುದು ಅವನ ಋಣ. ಹೇಳಿದ ಮೇಲೆ ನಿರ್ಣಯವನ್ನು ಕೇಳಿದವನಿಗೇ ಬಿಡುವುದು ಅವನ ಧರ್ಮ. ಪತ್ರಿಕೆಯಿರಲಿ, ಕಾಗದವಿರಲಿ, ಜಾಲತಾಣವಿರಲಿ, ಮಾತಿನ ವಾಹನವು ಬದಲಾದಮಾತ್ರದಿಂದ ಈ ಧರ್ಮವು ಬದಲಾಗುವುದಿಲ್ಲವೆಂಬುದು ಮೇಲ್ಕಂಡ ಇತಿಹಾಸದಿಂದ ಸಿದ್ಧವಾಗುತ್ತದೆ.